ಊಟವಾದ ಮೇಲೆ ಬರುತ್ತಿದ್ದ ಆಕಾಶಗಂಗೆ

ಸ್ವಲ್ಪ ತಡೆಯಿರಿ. ಪುಟ ತಿರುವಬೇಡಿ. ನಗು ಬಂದರೆ ಅದನ್ನೂ ಒಂದಿಷ್ಟು ಹೊತ್ತು ತಡೆದುಕೊಳ್ಳಿ. ಇದು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದನ್ನು ನೀವು ಪೂರ್ತಿ ಕೇಳಬೇಕು. ಮುಂಬಯಿಯ ಚೆಂಬೂರಿನಲ್ಲಿ, ಒಂದು ಚಾಳಿನ ಒಂಟಿಕೋಣೆಯ ಖೋಲಿಯಲ್ಲಿ ಕೂತು, ಆಕಾಶಗಂಗೆಯಿಂದ ಬರುವ ಎಕ್ಸ್-ರೇಗಳನ್ನು ಎಣಿಸುತ್ತಿದ್ದೇನೆ ಎಂದು ನಾನು ತಿಂಗಳುಗಟ್ಟಲೆ ನಂಬಿದ್ದೆ. ಎಣಿಸುತ್ತಿದ್ದದ್ದೇನೋ ನಿಜ. ಆದರೆ ಅದು ಆಕಾಶದ್ದಲ್ಲ. ಅದು ನಮ್ಮ ನೆಲದ ಮೇಲಿತ್ತು, ಆ ನೆಲದ ಮೇಲೆ ಅಣ್ಣನ ಕೂಸು ಅಂಬೆಗಾಲಿಡುತ್ತಿತ್ತು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸು ಅದರದು. ಇಲ್ಲಿಯ ಕನ್ನಡ ಸಂಘದ ಪತ್ರಿಕೆಗೆಂದು, ಸಂಘದ ಕನ್ನಡ ಟೈಪ್‌ರೈಟರಿನ ಮುಂದೆ ಕೂತು, ಎದುರಿಗೆ ನೀವೇ ಇದ್ದೀರಿ ಅಂದುಕೊಂಡು ಕುಟ್ಟುತ್ತಿದ್ದೇನೆ. ಒಂದೆರಡು ಒತ್ತಕ್ಷರ ಆಚೀಚೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಪ್ಪತ್ತರ ದಶಕ ಶುರುವಾಗಿ ಮೂರೋ ನಾಲ್ಕೋ ವರ್ಷ ಆಗಿತ್ತು. ನಾವು ಬೆಳಗಾವಿ ಕಡೆಯವರು. ಅಣ್ಣ ರಿಫೈನರಿಯಲ್ಲಿ ಫಿಟ್ಟರ್. ಅವನ ಹೆಂಡತಿಯನ್ನು ನಾನು ನಮ್ಮ ಕಡೆಯ ರೂಢಿಯಂತೆ ವೈನಿ ಅನ್ನುತ್ತೇನೆ. ಅವರಿಬ್ಬರು, ವರ್ಷ ತುಂಬದ ಅವರ ಹೆಣ್ಣುಕೂಸು, ಮತ್ತು ನಾನು, ಇಷ್ಟು ಜನ ಒಂದು ಖೋಲಿಯಲ್ಲಿ. ನನಗೆ ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ವೈರ್‌ಮನ್ ಕೆಲಸ, ಯಾವಾಗಲೂ ಎರಡನೇ ಪಾಳಿ. ಊಟ ಮಾಡಿ ಸ್ವಲ್ಪ ಹೊತ್ತಿಗೆ ಮನೆ ಬಿಟ್ಟು ಲೋಕಲ್ ಹಿಡಿದರೆ ಸಾಕು. ಹಾಗಾಗಿ ಬೆಳಗಿನ ಹೊತ್ತೆಲ್ಲ ನನ್ನದೇ. ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ಮೇಲೆ ನನಗೆ ಪಾಠ ಹೇಳಿದವರು ಯಾರೂ ಇಲ್ಲ. ವಾಚನಾಲಯದಲ್ಲಿ ಸಿಗುವ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳನ್ನು ಡಿಕ್ಷನರಿ ಬಿಚ್ಚಿಟ್ಟುಕೊಂಡು ಓದುತ್ತಿದ್ದೆ. ಅರ್ಥವಾಗದ ಸಾಲು ಬಂದರೆ ಹಾರಿಸಿ ಮುಂದೆ ಹೋಗುತ್ತಿದ್ದೆ.

ಅಂಥ ಒಂದು ಪತ್ರಿಕೆಯಲ್ಲಿ ನನ್ನ ತಲೆ ಕೆಡಿಸಿದ ಸಂಗತಿ ಸಿಕ್ಕಿತು. ಆಕಾಶದಿಂದ ಎಕ್ಸ್-ರೇ ಬರುತ್ತವಂತೆ. ಕೆಲವು ಒಂದೊಂದು ನಕ್ಷತ್ರದಿಂದ, ಚುಕ್ಕೆ ಚುಕ್ಕೆಯಾಗಿ. ಅದಲ್ಲದೆ ಆಕಾಶಗಂಗೆಯ ಪಟ್ಟಿಯ ಉದ್ದಕ್ಕೂ ಒಂದು ಮಸುಕು ಹೊಳಪು ಇರಬಹುದಂತೆ. ಮಂಜಿನ ಹಾಗೆ ಹರಡಿಕೊಂಡದ್ದು, ಇಂಥ ನಕ್ಷತ್ರದ್ದು ಎಂದು ಬೆರಳಿಟ್ಟು ತೋರಿಸಲಾಗದ್ದು. ಕಣ್ಣಿಗೆ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಗೊತ್ತಾಗುತ್ತದೆ. ಮೊದಮೊದಲು ಆಕಾಶದ ಎಕ್ಸ್-ರೇ ಹುಡುಕಿದವರು ರಾಕೆಟ್ಟಿನ ತುದಿಯಲ್ಲಿ ಗೈಗರ್ ನಳಿಗೆ ಇಟ್ಟು ಕಳಿಸಿದ್ದರು. ಆ ನಳಿಗೆಯೊಳಗೆ ಅನಿಲ ತುಂಬಿರುತ್ತದೆ, ಕಿರಣವೊಂದು ಒಳಗೆ ನುಗ್ಗಿದರೆ ಟಿಕ್ ಅನ್ನುತ್ತದೆ.

ಗೈಗರ್ ನಳಿಗೆ ಚೋರ್ ಬಜಾರಿನಲ್ಲಿ ಸಿಗುತ್ತದೆ. ನಂಬಿ, ಅಲ್ಲಿ ಸಿಗದ ವಸ್ತುವಿಲ್ಲ. ಯಾವುದೋ ಹಳೆಯ ಸರಕಿನ ರಾಶಿಯಲ್ಲಿ, ಮೂತಿಗೆ ತೆಳ್ಳನೆಯ ಅಭ್ರಕದ ಪರದೆ ಇದ್ದ ಒಂದು ನಳಿಗೆ ನನಗೆ ಸಿಕ್ಕಿತು. ರೇಡಿಯೋ ರಿಪೇರಿ ಗೊತ್ತಿದ್ದರಿಂದ ಅದಕ್ಕೆ ಬೇಕಾದ ಸರ್ಕ್ಯೂಟ್ ನಾನೇ ಕಟ್ಟಿದೆ, ಒಂದು ಹಳೆಯ ಸ್ಪೀಕರ್ ಜೋಡಿಸಿದೆ. ಟಿಕ್ ಅಂದಾಗ ಖೋಲಿಯಲ್ಲಿ ಕುಣಿದಿದ್ದೆ.

ರಾಕೆಟ್ ಯಾಕೆ ಬೇಕು ಅನ್ನುವ ಪ್ರಶ್ನೆ ನನಗೂ ಬಂದಿತ್ತು. ಆದರೆ ಅದರ ಹಿಂದಿನ ವರ್ಷ ಗಿರಣಿಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಪರೇಲಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದಿದ್ದರು. ಚರ್ಮ, ಮಾಂಸ ಎಲ್ಲ ದಾಟಿ ಎಲುಬು ತೋರಿಸಿತ್ತು. ಕೈಯನ್ನೇ ದಾಟುವ ಕಿರಣಕ್ಕೆ ಬರೀ ಗಾಳಿ ಯಾವ ಲೆಕ್ಕ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಇನ್ನೊಂದು ಸಂಗತಿಯೂ ನನ್ನನ್ನು ಉಬ್ಬಿಸಿತು. ಆಕಾಶಗಂಗೆಯ ನಡುಭಾಗ ಧನು ರಾಶಿಯ ಕಡೆ ಇದೆ. ಧನುರ್ಮಾಸದಲ್ಲಿ ಸೂರ್ಯನೂ ಅಲ್ಲೇ ಇರುತ್ತಾನೆ. ಅಂದರೆ ಮಟಮಟ ಮಧ್ಯಾಹ್ನ ಸೂರ್ಯನ ಜೊತೆ ಅದೂ ಮೇಲೆ ಬಂದಿರುತ್ತದೆ. ಕಣ್ಣಿಗೆ ಕಾಣಲಿಕ್ಕಿಲ್ಲ, ಆದರೆ ಎಕ್ಸ್-ರೇ ಎಣಿಸಲು ಕತ್ತಲೆ ಯಾಕೆ ಬೇಕು? ನಮ್ಮ ಕಿಟಕಿಯೋ ನೇರ ದಕ್ಷಿಣಕ್ಕೆ. ಧನುರ್ಮಾಸ ಶುರುವಾಗುತ್ತಲೇ ಕಿಟಕಿಯ ಕಟ್ಟೆಯ ಮೇಲೆ ನಳಿಗೆ ಕಟ್ಟಿ ಕೂತೆ.

ಬೆಳಗ್ಗೆ ಟಿಕ್, ಬಹಳ ಹೊತ್ತಿಗೆ ಇನ್ನೊಂದು ಟಿಕ್. ಹೊತ್ತೇರಿದರೂ ಹಾಗೇ. ಊಟ ಮುಗಿದು ಸ್ವಲ್ಪ ಹೊತ್ತಿಗೆ ಅದರ ಗತಿಯೇ ಬದಲಾಯಿತು. ಕಡಾಯಿಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಮರುದಿನವೂ ಅದೇ. ಅದರ ಮರುದಿನವೂ ಅದೇ. ಚೆಂಬೂರಿನಲ್ಲಿ, ಒಂದು ಚಾಳಿನ ಖೋಲಿಯಲ್ಲಿ, ಆಕಾಶಗಂಗೆ ನನ್ನ ಮನೆಗೆ ಬಂದಿತ್ತು. ಅಷ್ಟು ಸಂತೋಷ ನನಗೆ ಮೊದಲ ಪಗಾರ ಬಂದಾಗಲೂ ಆಗಿರಲಿಲ್ಲ.

ಆ ಹೊತ್ತಿಗೆ ಖೋಲಿಯಲ್ಲಿ ನಡೆಯುತ್ತಿದ್ದ ಇನ್ನೊಂದು ಕೆಲಸವನ್ನು ಹೇಳಬೇಕು. ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ನಡೆಯುತ್ತಾರಲ್ಲ, ಆ ಗ್ಯಾಸ್‌ಲೈಟಿನೊಳಗೆ ಬೆಳ್ಳಗೆ ಉರಿಯುವ ಬಲೆಯ ಚೀಲ, ಮ್ಯಾಂಟಲ್. ಒಬ್ಬ ಗುತ್ತಿಗೆದಾರ ಅದರ ಬಲೆಯನ್ನು ಯಾವುದೋ ಔಷಧಿಯಲ್ಲಿ ಅದ್ದಿ ಒಣಗಿಸಿ, ದೊಡ್ಡ ಗಂಟುಗಟ್ಟಿ ಚಾಳಿಗೆ ತಂದುಕೊಡುತ್ತಿದ್ದ. ಹೆಂಗಸರು ಅದರ ತಳ ಹೊಲಿದು, ಬಾಯಿಗೆ ದಾರ ಪೋಣಿಸಿ ವಾಪಸು ಕೊಡಬೇಕು. ಊಟವಾದ ಮೇಲೆ ವೈನಿ, ಪಕ್ಕದ ಬಾಜೂ ಖೋಲಿಯಲ್ಲಿದ್ದ, ನಾವೆಲ್ಲ ಅಕ್ಕ ಅನ್ನುತ್ತಿದ್ದ ಹೆಂಗಸು, ಇನ್ನೂ ಒಬ್ಬಿಬ್ಬರು ನಮ್ಮ ಕಿಟಕಿಯ ಬುಡದಲ್ಲೇ ಕೂಡುತ್ತಿದ್ದರು, ಸೂಜಿಗೆ ಬೆಳಕು ಬೇಕಲ್ಲ. ಎದ್ದು ಹೋಗುವಾಗ ಗಂಟನ್ನು ಬಾಜೂ ಖೋಲಿಗೆ ಒಯ್ದಿಡುತ್ತಿದ್ದರು. ನನ್ನ ನಳಿಗೆ ಅವರ ತಲೆಯ ಮೇಲೆಯೇ.

"ಏನಪಾ, ಬಂತೇನ ನಿನ್ನ ಗಂಗಿ?" ವೈನಿ ದಿನಾ ಕೇಳುತ್ತಿದ್ದರು. "ಬಂದ್ರ ಎರಡ ಕೊಡ ತುಂಬಿಸಿಡು, ನಳದಾಗ ನೀರಿಲ್ಲ."

"ಬಂತ್ರಿ ವೈನಿ. ಕೇಳ್ರಿ ಹೆಂಗ ಹೊಡ್ಕೋತೈತಿ."

"ನಾವು ಕುಂತಕೂಡ್ಲೇ ಬರತೈತಿ ನೋಡವಾ ಅದು," ಬಾಜೂ ಖೋಲಿಯ ಅಕ್ಕ ಅನ್ನುತ್ತಿದ್ದಳು. "ನಮ್ಮ ಮಾರಿ ನೋಡಾಕ ಬರತೈತಿ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರು ಏಳುವ ಮೊದಲೇ ನಾನು ಪಾಳಿಗೆ ಹೊರಡುತ್ತಿದ್ದುದರಿಂದ, ಏರಿದ್ದು ಇಳಿಯುವುದನ್ನು ಒಂದು ದಿನವೂ ನೋಡಲಿಲ್ಲ. ಭಾನುವಾರ ಹೆಂಗಸರಿಗೆ ಹೊಲಿಗೆ ಇರಲಿಲ್ಲ. ಆದರೆ ಅಣ್ಣ ಮನೆಯಲ್ಲಿ ಮಲಗಿರುತ್ತಿದ್ದ, ಆ ಸಪ್ಪಳ ಕೇಳಿದರೆ ಅವನಿಗೆ ತಲೆಶೂಲೆ. ಹಾಗಾಗಿ ನನಗೂ ರಜೆ.

ಕೆಟ್ಟ ಮ್ಯಾಂಟಲ್‌ಗಳನ್ನು ಗುತ್ತಿಗೆದಾರ ವಾಪಸು ಒಯ್ಯುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರು ಒಂದು ಚಿಂದಿಯನ್ನೂ ಬಿಸಾಡುವವರಲ್ಲ, ಅದು ನಿಮಗೂ ಗೊತ್ತು. ಹಳೆ ಸೀರೆ, ಹರಿದ ಧೋತರ, ಎಲ್ಲ ಸೇರಿಸಿ ಪದರ ಪದರ ಕೌದಿ ಹೊಲಿಯುತ್ತಾರೆ. ಕೂಸಿಗೆ ಒಂದು ಸಣ್ಣ ಕೌದಿ ಹೊಲಿಯುವಾಗ ವೈನಿ ಆ ಕೆಟ್ಟ ಬಲೆಗಳನ್ನೆಲ್ಲ ಪದರದ ನಡುವೆ ಹಾಸಿದರು. ಮೆತ್ತಗಿರುತ್ತದೆ ಎಂದು. ಮೇಲಿನ ತೇಪೆ ನಮ್ಮ ಅವ್ವನ ಹಳೆಯ ಇಳಕಲ್ ಸೀರೆಯದು. ಕೂಸು ಅದರ ಮೇಲೇ ಮಲಗುತ್ತಿತ್ತು, ಅದರ ಅಂಚನ್ನೇ ಚೀಪುತ್ತಿತ್ತು.

ಯುಗಾದಿಯ ಆಸುಪಾಸಿನ ಒಂದು ಭಾನುವಾರ ಪವಾಯಿಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಒಂದು ಭಾಷಣ ಇದೆ, ಯಾರು ಬೇಕಾದರೂ ಬರಬಹುದು ಎಂದು ಗೊತ್ತಾಯಿತು. ವಿಷಯ ಆಕಾಶದ ಎಕ್ಸ್-ರೇ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಭಾಷಣ ಮಾಡಿದ ವಿಜ್ಞಾನಿ, ತಮ್ಮ ತಂಡ ರಾಕೆಟ್ಟಿನಲ್ಲಿ ಉಪಕರಣ ಇಟ್ಟು ಆಕಾಶಗಂಗೆಯ ಪಟ್ಟಿಯನ್ನು ಅಡ್ಡಡ್ಡ ದಾಟಿಸಿ ನೋಡಿದ್ದನ್ನು ಹೇಳಿದರು. ಗಾಳಿಯ ಮೇಲೆ ರಾಕೆಟ್ ಇರುವುದು ಕೆಲವೇ ನಿಮಿಷ, ಆಮೇಲೆ ಕೆಳಗೆ ಬೀಳುತ್ತದೆ. ಪಟ್ಟಿ ದಾಟುವಾಗ ಎಣಿಕೆ ಸ್ವಲ್ಪ ಏರುತ್ತದೆ. ಅದು ಬೇರೆ ಬೇರೆಯಾಗಿ ಕಾಣದಷ್ಟು ಕ್ಷೀಣವಾದ ನಕ್ಷತ್ರಗಳ ಗುಂಪೋ, ಅಥವಾ ನಿಜವಾಗಿಯೂ ಹರಡಿಕೊಂಡ ಅನಿಲವೋ, ಇನ್ನೂ ಗೊತ್ತಿಲ್ಲ ಎಂದರು. ಇಂಗ್ಲಿಷಿನಲ್ಲೇ ಮಾತಾಡಿದರೂ ಅವರ ರಾಗದಿಂದ ನಮ್ಮ ಕಡೆಯವರೇ ಎಂದು ಹೊಳೆಯಿತು. ಚಹಾದ ಹೊತ್ತಿಗೆ ಹತ್ತಿರ ಹೋದೆ.

"ಸರ್, ನಾನೂ ಅಳತಿ ಮಾಡೇನ್ರಿ."

"ಏನ ಅಳತಿ?"

"ಆಕಾಶಗಂಗೀದ್ರಿ. ಗೈಗರ್ ನಳಿಗಿ ಐತ್ರಿ ನನ್ನ ಕಡೆ. ಚೆಂಬೂರಾಗ, ಮನಿ ಕಿಡಕ್ಯಾಗ ಇಟ್ಟೇನ್ರಿ."

ಅವರು ನಗಲಿಲ್ಲ. ಕಪ್ಪು ಕೆಳಗಿಟ್ಟರು. "ಚೆಂಬೂರ ತನಕಾ ಅದು ಬರೂದಿಲ್ಲಪಾ. ತಲೀ ಮ್ಯಾಲಿನ ಗಾಳಿ ಎಲ್ಲಾ ಒತ್ತಿ ನೀರ ಮಾಡಿದಿ ಅಂತ ತಿಳಿ. ಮೂರ ಮಾಳಿಗಿ ಬಿಲ್ಡಿಂಗಿನಷ್ಟ ಎತ್ತರ ನೀರು. ಅದನ್ನ ದಾಟೂದಿಲ್ಲ ಅಂತನ ನಾವು ರಾಕೆಟ್ ಹಾರಸ್ತೀವಿ."

ಪತ್ರಿಕೆ ಓದುವಾಗ ಅರ್ಥವಾಗದೆ ನಾನು ಹಾರಿಸಿದ ಸಾಲು ಅದೇ ಇರಬೇಕು. ಆದರೂ ಬಿಡಲಿಲ್ಲ.

"ಆದ್ರ ಏರತೈತ್ರಿ ಸರ್. ದಿನಾ ಏರತೈತಿ."

"ಯಾವಾಗ?"

"ಮಧ್ಯಾಹ್ನ ಊಟ ಆದಮ್ಯಾಲ್ರಿ. ಧನುರ್ಮಾಸದಿಂದ ನೋಡಾಕತ್ತೇನ್ರಿ."

"ಧನುರ್ಮಾಸದಾಗೂ ಊಟ ಆದಮ್ಯಾಲೆ?"

"ಹೌದ್ರಿ."

"ಈಗೂ?"

"ಈಗೂ ಹೌದ್ರಿ."

"ಆಕಾಶಗಂಗಿ ನಿಮ್ಮ ಮನಿ ಊಟದ ಟೈಮ್ ನೋಡ್ಕೊಂಡ ಬರ್ತದೇನೋ ಹುಚ್ಚಪ್ಪಾ?" ಅಂದರು. "ಚಿಕ್ಕಿ ದಿನಾ ನಾಕ್ ನಾಕ್ ನಿಮಿಷ ಮೊದಲ ಬರ್ತಾವ. ತಿಂಗಳಿಗೆ ಎರಡ ತಾಸು ಮೊದಲ ಆಗ್ತದ. ಈಗ ಯುಗಾದಿ. ನೀವು ಊಟ ಮುಗಿಸೂದ್ರಾಗ ಅದು ಮುಳಗಿ ಹೋಗಿರ್ತದ."

ಆದರೆ ನಿಜವಾದ ಪೆಟ್ಟು ಇನ್ನೂ ಬಿದ್ದಿರಲಿಲ್ಲ. ಅವರೇ ಮುಂದುವರಿಸಿದರು: "ನಿನ್ನ ನಳಿಗಿ ಸುಳ್ಳ ಹೇಳೂದಿಲ್ಲ. ಎಲ್ಲಿಂದ ಬಂತಂತ ಅದಕ್ಕ ಗೊತ್ತಾಗೂದಿಲ್ಲ, ಬಂತು ಅಂತಷ್ಟ ಹೇಳ್ತದ. ಊಟ ಆದಮ್ಯಾಲೆ ನಿಮ್ಮ ಮನ್ಯಾಗ ಏನ ನಡೀತದ?"

"ಏನಿಲ್ರಿ. ಹೆಣ್ಣಮಕ್ಕಳು ಕೂಡಿ ಗಂಟುಗಟ್ಟಲೆ ಮ್ಯಾಂಟಲ್ ಹೊಲೀತಾರ."

ಅವರ ಮುಖ ಬದಲಾದ ರೀತಿಯನ್ನು ಈ ಟೈಪ್‌ರೈಟರಿನಲ್ಲಿ ಹೇಗೆ ಕುಟ್ಟಲಿ. ಕಪ್ಪಿನಲ್ಲಿದ್ದ ಚಹಾ ಹಾಗೇ ಉಳಿಯಿತು. ಮೆಲ್ಲಗೆ ಹೇಳಿದರು: ಮ್ಯಾಂಟಲ್ ಅಷ್ಟು ಬೆಳ್ಳಗೆ ಉರಿಯುವುದು ಅದರಲ್ಲಿರುವ ಥೋರಿಯಂ ಉಪ್ಪಿನಿಂದ. ಥೋರಿಯಂ ತಾನಾಗಿಯೇ ಕಿರಣ ಸೂಸುತ್ತಿರುತ್ತದೆ. ದೀಪದೊಳಗೆ ಒಂದು ಇದ್ದರೆ ಭಯವಿಲ್ಲ. ಆದರೆ ಅದರ ಪುಡಿ ಉಸಿರಿನ ಜೊತೆಗೋ ಬಾಯಿಂದಲೋ ಒಳಗೆ ಹೋಗಬಾರದು, ಒಳಗೆ ಹೋದದ್ದು ಅಲ್ಲೇ ಕೂತುಬಿಡುತ್ತದೆ.

"ಮನ್ಯಾಗ ಸಣ್ಣ ಕೂಸು ಯಾವುದರೆ ಅದ ಏನು?"

"ಐತ್ರಿ," ಅಂದೆ.

"ಹಂಗಾರ ಹೇಳ್ತೀನಿ ಕೇಳು. ನಾವು ಮ್ಯಾಲೆ ಏನ ಹುಡಕ್ತೀವೋ, ನೀ ಮನ್ಯಾಗ ಅದನ್ನ ಹುಡಕು. ಮೊದಲ ಗಂಟು ಹೊರಗ ಒಯ್ದಿಡು, ಆಮ್ಯಾಲೆ ಎಣಸು. ಪೂರಾ ಇಳೀತಂದ್ರ ಅದೊಂದ ಗಂಟು, ಚಿಂತಿಲ್ಲ. ಇನ್ನೂ ಉಳೀತಂದ್ರ ಹರಡ್ಯದ ಅಂತ ತಿಳ್ಕೋ."

ಪವಾಯಿಯಿಂದ ಚೆಂಬೂರಿಗೆ ಹೇಗೆ ಬಂದೆನೋ ನೆನಪಿಲ್ಲ. ಸಂಜೆಯ ಹೊತ್ತು. ಅಣ್ಣ ಹಾಸಿಗೆಯ ಮೇಲೆ ಅಡ್ಡಾಗಿದ್ದ, ವೈನಿ ರೊಟ್ಟಿ ಬಡಿಯುತ್ತಿದ್ದರು, ಕೂಸು ಕಿಟಕಿಯ ಬುಡದಲ್ಲಿ ಕೌದಿಯ ಮೇಲೆ ಬೋರಲು ಬಿದ್ದಿತ್ತು. ಶನಿವಾರ ಹೊಲಿದು ಮುಗಿಯದ ಒಂದು ಗಂಟು ಅಂದು ಅಲ್ಲೇ ಉಳಿದಿತ್ತು.

"ವೈನಿ, ಕೂಸಿನ ಎತ್ಗೋರಿ."

"ಯಾಕ?"

"ಮೊದಲ ಎತ್ಗೋರಿ, ಆಮ್ಯಾಲೆ ಹೇಳ್ತೇನಿ."

"ಹಾವ ಬಂತೇನ ಹಾವ?" ಅಣ್ಣ ಎದ್ದು ಕೂತ. ಎಲ್ಲ ಹೇಳಿದೆ. ಅವನು ನಂಬಲಿಲ್ಲ. "ನಮ್ಮೂರಾಗ ಲಗ್ನದ ಸೀಸನ್ ತುಂಬ ಗ್ಯಾಸ್‌ಲೈಟ್ ತಲೀ ಮ್ಯಾಲ ಹೊತ್ತ ತಿರಗ್ತಾರ. ಯಾರಿಗೇನಾಗೇತಿ? ಏ ತಮ್ಮಾ, ನಿನ್ನ ಆ ಡಬ್ಬೀನ ಮೊದಲ ಕಿತ್ತ ಒಗೀತೀನಿ ನೋಡು."

ವೈನಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಗಂಡನಿಗೆ ಅಂದರು: "ಗಂಟ ಒಯ್ದ ಕೆಳಗಿಟ್ಟ ಬರ್ರಿ. ಅಂವಾ ಎಣಸ್ಲಿ."

ನಾನು ನಳಿಗೆ ಚಾಲೂ ಮಾಡಿದೆ. ಅಣ್ಣ ಗೊಣಗುತ್ತ ಗಂಟು ಹೊತ್ತು ಕೆಳಗೆ ಇಳಿದ. ನಳಿಗೆಯ ಚಟಪಟ ಥಟ್ಟನೆ ತಗ್ಗಿತು. ನನ್ನ ಜೀವ ಹಿಂದಕ್ಕೆ ಬಂತು. ಅಷ್ಟೇ, ಬರೀ ಗಂಟು, ಅಂದುಕೊಂಡೆ. ಆದರೂ ಖಾತ್ರಿಗೆ ನಳಿಗೆಯನ್ನು ಹೊರಗೆ ಜಿನೆಯ ಮೆಟ್ಟಿಲ ಹತ್ತಿರ ಒಯ್ದೆ. ಅಲ್ಲಿ ಟಿಕ್, ಬಹಳ ಹೊತ್ತಿಗೆ ಇನ್ನೊಂದು ಟಿಕ್. ಮತ್ತೆ ಖೋಲಿಯೊಳಗೆ ತಂದೆ. ಬಾಗಿಲು ದಾಟುತ್ತಲೇ ಅದು ಸ್ವಲ್ಪ ಚುರುಕಾಯಿತು. ನೆಲಕ್ಕೆ ಬಗ್ಗಿಸಿದೆ, ಇನ್ನೂ ಚುರುಕಾಯಿತು. ಕೂಸಿನ ಕೌದಿಗೆ ಹಿಡಿದೆ.

ಕಡಾಯಿಯ ಸಾಸಿವೆ.

ನನಗೆ ಕೌದಿಯ ಒಳಗೇನಿದೆ ಎಂದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ವೈನಿಗೆ ನೆನಪಾಯಿತು. ಕೂಸನ್ನು ಅಣ್ಣನ ಕೈಗೆ ಕೊಟ್ಟರು, ಕೌದಿಯನ್ನು ಎತ್ತಿ ಖೋಲಿಗಳ ಮುಂದಿನ ಗ್ಯಾಲರಿಗೆ ಒಯ್ದರು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ತಮ್ಮ ಕೈಯಾರೆ ಹಾಕಿದ ಹೊಲಿಗೆಯನ್ನು ಒಂದೊಂದೇ ಬಿಚ್ಚತೊಡಗಿದರು. ಒಣಗಿದ ಬಲೆಗಳು, ಹಿಟ್ಟಿನಂತೆ ನುಣ್ಣಗೆ ಪುಡಿಯಾದದ್ದು, ಪದರದೊಳಗಿಂದ ಉದುರಿದವು. ಮೂಗಿಗೆ ಸೆರಗು ಕಟ್ಟಿಕೊಳ್ಳಿರಿ ಎಂದೆ. ಕಟ್ಟಿಕೊಂಡರು. ಅವ್ವನ ಇಳಕಲ್ ತೇಪೆಯನ್ನಾದರೂ ತೊಳೆದು ಇಟ್ಟುಕೊಳ್ಳೋಣವೇ ಎಂದು ಅಣ್ಣ ಕೇಳಿದ. "ಬ್ಯಾಡ," ಅಂದರು ವೈನಿ, ತಲೆಯೆತ್ತದೆ.

ಒಳಗೆ ಕೂಸು ನನ್ನ ಕೈಯಲ್ಲಿದ್ದ ನಳಿಗೆಯನ್ನು ನೋಡಿ ಖುಷಿಯಿಂದ ಕೈ ಚಾಚಿತು. ಅದರ ಅಂಗೈ ನಳಿಗೆಯ ಮೂತಿಯ ಹತ್ತಿರ ಬಂದಾಗ ಸಪ್ಪಳ ಏರಿತು. ಟಿಕ್ ಟಿಕ್ ಅಂದಷ್ಟೂ ಅದು ಕೇಕೆ ಹಾಕಿ ನಕ್ಕಿತು. ಅಣ್ಣ ಅದರ ಮುಷ್ಟಿಯನ್ನು ಹಿಡಿದುಕೊಂಡು ನನ್ನನ್ನು ನೋಡಿದ. ಬಚ್ಚಲಿಗೆ ಹೋಗಿ, ತಾನೇ ಕೂತು, ಕೂಸಿನ ಒಂದೊಂದು ಬೆರಳನ್ನೂ ಸಾಬೂನು ಹಚ್ಚಿ ತೊಳೆದ. ಉಗುರಿನ ಸಂದಿಯನ್ನು ಕೂಡ.

ಗಂಟು ಹೋಯಿತು, ಕೌದಿ ಹೋಯಿತು, ಆದರೂ ಎಣಿಕೆ ಜಿನೆಯ ಮಟ್ಟಕ್ಕೆ ಇಳಿಯಲಿಲ್ಲ. ನೆಲದ ಫರಶಿಕಲ್ಲುಗಳ ಸಂದುಗಳಲ್ಲಿ ಇತ್ತು. ಗೋಡೆಯ ಬುಡದಲ್ಲಿ ಇತ್ತು. ಚಾಪೆಯಲ್ಲಿ, ವೈನಿಯ ಸೀರೆಯ ಮಡಿಲಿನಲ್ಲಿ, ರೊಟ್ಟಿಯ ಬುಟ್ಟಿಯ ಹೊರಮೈಗೆ ಕೂಡ. ಎಲ್ಲಿ ಜಾಸ್ತಿ ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ, ತೆಳ್ಳಗೆ, ಎಲ್ಲ ಕಡೆ. ಹರಡಿಕೊಂಡಿದೆ ಅಂದರೆ ಏನು ಎಂದು ನಾನು ಎಷ್ಟು ಪತ್ರಿಕೆ ಓದಿದ್ದೆ. ಆ ಪದದ ಅರ್ಥ ನನಗೆ ತಿಳಿದದ್ದು ನಮ್ಮ ನೆಲದ ಮೇಲೆ ಮೊಣಕಾಲೂರಿ ಕೂತಾಗ.

ಮರುದಿನ ನಾನು ಪಾಳಿಗೆ ಹೋಗಲಿಲ್ಲ. ಊಟವಾದ ಮೇಲೆ ಬಾಜೂ ಖೋಲಿಯ ಅಕ್ಕ ಸೂಜಿದಾರ ಹಿಡಿದು ಬಂದಳು. ವೈನಿ ಬಾಗಿಲಿಗೆ ಅಡ್ಡ ನಿಂತಿದ್ದರು. "ಒಳಗ ಬ್ಯಾಡ ಅಕ್ಕಾ," ಎಂದು ಎಲ್ಲ ಹೇಳಿದರು. ಅಕ್ಕನಿಗೆ ನಗು.

"ನಿನ್ನ ಮೈದುನಗ ಗಿರಣ್ಯಾಗ ಶಾಕ್ ಹೊಡದೈತೇನ? ಬತ್ತೀ ಧೂಳ ತಿಂದ ಯಾರ ಸತ್ತಾರ?"

"ನಿಂದೂ ಎರಡ ಕೂಸ ಅದಾವ. ಅಂವಾ ಬಂದ ನೋಡ್ಲಿ, ನೋಡಿದ್ರ ಏನ ಹೋಗತೈತಿ?"

ಹೋದೆವು. ಅಕ್ಕನ ಮನೆಯಲ್ಲಿ ಹೊಲಿಗೆ ಕಡಿಮೆ, ಆದರೆ ಉಳಿದ ಗಂಟುಗಳನ್ನು ಇಡುವುದು ಅಲ್ಲಿಯ ಮಂಚದ ಕೆಳಗೆ, ಮಂಚದ ಮೇಲೆ ಮಕ್ಕಳು. ನಳಿಗೆ ಒಳಗೆ ಹೋಗುತ್ತಲೇ ಹೊಡೆದುಕೊಳ್ಳತೊಡಗಿತು. ಅಕ್ಕನ ನಗು ನಿಂತಿತು. ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನಗೆ ಅಂದಳು: "ಬಂದ್ ಮಾ‌ಡಪಾ ಅದನ್ನ. ಬಂದ್ ಮಾಡಿದ್ರ ಆತಲ್ಲ, ಎಲ್ಲಾ ಸುಮ್ನಾಗತೈತಿ."

ಅವಳು ತಮಾಷೆಗೆ ಹೇಳಿರಲಿಲ್ಲ. ಸಪ್ಪಳ ನಿಂತರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದಳು. ಗ್ಯಾಲರಿಯ ಉದ್ದಕ್ಕೂ ಬಾಗಿಲಿಂದ ಬಾಗಿಲಿಗೆ ನಡೆದೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ಹೊಲಿಗೆಯ ಮನೆ ಯಾವುದರಲ್ಲೂ ಜಿನೆಯಷ್ಟು ಕಡಿಮೆ ಇಲ್ಲ. ನಮ್ಮ ಕೂಸು ಈ ಎಲ್ಲ ಮನೆಗಳ ಕೂಸು, ಎಲ್ಲ ಮನೆಯ ನೆಲದಲ್ಲೂ ಹರಿದಾಡಿದ್ದು. ನಮ್ಮ ಖೋಲಿ ಒಂದನ್ನೇ ತೊಳೆದು ಏನು ಮಾಡುವುದು?

ತೊಳೆದೆವು, ಎಲ್ಲ ಖೋಲಿಗಳನ್ನೂ. ಗಂಡಸರು ನಕ್ಕರು, ಆಮೇಲೆ ಬಕೆಟ್ ಹೊತ್ತರು. ಒಣಗಿದ್ದನ್ನು ಹಾಗೇ ಗುಡಿಸಬಾರದು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು ಎಂದು ಆ ವಿಜ್ಞಾನಿ ಹೇಳಿದ್ದರು. ಕೌದಿಯ ಬಲೆಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅವರಿಗೇ ಒಯ್ದು ಕೊಟ್ಟೆ. ಕೂಸಿಗೆ ಏನಾಗುತ್ತದೆ ಎಂದು ಕೇಳಿದೆ.

"ಇಷ್ಟರಾಗ ಏನ ಆಗ್ತದ, ಏನ ಆಗೂದಿಲ್ಲ ಅಂತ ಯಾರಿಗೂ ಹೇಳಲಿಕ್ಕೆ ಬರೂದಿಲ್ಲ," ಅಂದರು. "ನನಗೂ ಬರೂದಿಲ್ಲ. ಸುಳ್ಳ ಹೇಳಿ ಕಳಸ್ಲೇನು?"

ವೈನಿ ಆ ಕೆಲಸ ಬಿಟ್ಟು ಬ್ಲೌಸಿಗೆ ಹುಕ್ಕು ಹಚ್ಚುವ ಕೆಲಸ ಹಿಡಿದರು. ಅಕ್ಕ ಬಿಡಲಿಲ್ಲ, ಆದರೆ ಹೊಲಿಗೆಯನ್ನು ಚಾಳಿನ ಮೇಲಿನ ತೆರೆದ ಗಚ್ಚಿಗೆ ಒಯ್ದಳು, ಇಳಿದು ಬರುವಾಗ ಸೀರೆ ಬದಲಿಸಿ ಕೈ ತೊಳೆದು ಮಕ್ಕಳನ್ನು ಮುಟ್ಟುತ್ತಿದ್ದಳು. ಗುತ್ತಿಗೆದಾರ ಗಂಟುಗಳನ್ನು ಬೇರೆ ಚಾಳಿಗೂ ಕೊಡುತ್ತಿದ್ದ. ಯಾವ ಚಾಳು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ.

ಕೂಸು ಈಗ ಶಾಲೆಗೆ ಹೋಗುತ್ತಾಳೆ, ಮಗ್ಗಿ ಹೇಳುತ್ತಾಳೆ, ಜಗಳ ಆಡುತ್ತಾಳೆ. ಮೊನ್ನೆ ಅವಳು ಊಟಕ್ಕೆ ಕೂತಾಗ ಎರಡು ಸಲ ಕೆಮ್ಮಿದಳು. ಅಣ್ಣನ ಕೈ ತುತ್ತು ಹಿಡಿದಂತೆಯೇ ನಿಂತಿತು, ವೈನಿ ಕಿವಿಗೊಟ್ಟರು, ನಾನೂ. ಮೂರನೆಯ ಸಲ ಕೆಮ್ಮಲಿಲ್ಲ. ನಾವು ಮತ್ತೆ ಊಟ ಶುರು ಮಾಡಿದೆವು.

ಪರೇಲಿರಲಿ, ಕುರ್ಲಾ ಇರಲಿ, ನಿಮ್ಮ ಮನೆಯಲ್ಲೂ ಯಾರಾದರೂ ಮ್ಯಾಂಟಲ್ ಹೊಲಿದಿದ್ದರೆ, ಅದರ ಚಿಂದಿಯನ್ನು ದಿಂಬಿಗೋ ಕೌದಿಗೋ ತುಂಬಿಸಿದ್ದರೆ, ಅಥವಾ ದೂರದ್ದನ್ನು ಅಳೆಯಲು ಹೋಗಿ ನನ್ನ ಹಾಗೆ ಕಾಲ ಬುಡದ್ದು ಕೈಗೆ ಸಿಕ್ಕಿದ್ದರೆ, ದಯವಿಟ್ಟು ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ತಪ್ಪು ಒಪ್ಪು ನೋಡಬೇಡಿ, ಮಾತಾಡಿದ ಹಾಗೆ ಬರೆಯಿರಿ. ಮಕ್ಕಳು ಹೇಗಿದ್ದಾರೆ ಅನ್ನುವುದನ್ನು ಮೊದಲು ಬರೆಯಿರಿ.